ಹಸಿರು ತೆಗೆದ ಮೇಲೆ

೩ ಜೂನ್, ಸೋಮವಾರ

ಶೂಟಿಂಗ್ ಮುಗಿಯಿತು. ಅವರ ಕೆಲಸ ಮುಗಿದು ನನ್ನ ಕರ್ಮ ಶುರುವಾಯಿತು.

ಕಣ್ಣಿನ ಆಸ್ಪತ್ರೆಗೆ ಮಾಡುತ್ತಿರುವ ವೀಡಿಯೋ. ಪೊರೆ ತೆಗೆಸಿಕೊಂಡು ಮನೆಗೆ ಹೋಗುವವರು ಆಮೇಲೆ ಏನು ಮಾಡಬೇಕು, ಏನು ಮಾಡಬಾರದು ಅಂತ ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ಹೇಳುವುದು. ಹೇಳುವವಳಿಗೂ ಹುಟ್ಟಿನಿಂದ ಕಿವಿ ಕೇಳದು. ಕಿವುಡು ಮಕ್ಕಳ ಶಾಲೆಯಲ್ಲಿ ಟೀಚರು. ಅವಳ ಸನ್ನೆಯನ್ನು ನಮಗೆ ಮಾತು ಮಾಡಿ ಹೇಳಲು ಗಂಡ ಜೊತೆಗೆ ಬರುತ್ತಾನೆ. ಬಂದ ಕೂಡಲೇ ಕರಾರು ಹಾಕಿದ: "ಮೇಡಂ, ನಾನು ಬರೀ ಪೈಪು. ನೀರು ಅವಳದು. ಬಿಸಿನೀರು ಬಂದ್ರೆ ಪೈಪಿಗೆ ಬೈಬಾರ್ದು." ಅಲ್ಲಿಂದ ನನ್ನ ಲೆಕ್ಕದಲ್ಲಿ ಅವನು ಪೈಪು, ಅವಳು ಟೀಚರು.

ಟೀಚರು ನಿಂತದ್ದು ಹಸಿರು ಪರದೆಯ ಮುಂದೆ. ನಾನು ಆ ಹಸಿರನ್ನು ಅಳಿಸಿ ಹಿಂದೆ ಕಣ್ಣಿನ ಚಿತ್ರ, ಬಾಟಲಿಯ ಚಿತ್ರ, ಗಡಿಯಾರದ ಚಿತ್ರ ಓಡಿಸಬೇಕು. ಇದಕ್ಕೆ ಕೀ ಹಾಕುವುದು ಎನ್ನುತ್ತಾರೆ. ಬೀಗವೂ ಇಲ್ಲ, ಬಾಗಿಲೂ ಇಲ್ಲ, ಬರೀ ಕೀ. ಪರದೆ ಹಸಿರಾದ್ದರಿಂದ ಎದುರಿಗಿರುವವರ ಮೈಮೇಲೆ ಹಸಿರು ಇರಕೂಡದು. ಇದ್ದರೆ ಪರದೆಯ ಜೊತೆ ಅದೂ ಮಾಯ. ಹಾಗಾಗಿ ಟೀಚರ ಅಂಗಿ, ಓಲೆ, ವಾಚಿನ ಪಟ್ಟಿ, ಎಲ್ಲ ತಪಾಸಣೆ ಮಾಡಿದೆ. ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರಮ್ಮನ ಜೇಬಿನ ಪೆನ್ನನ್ನೂ ಬಿಡಲಿಲ್ಲ. "ನಾನೇನು ಕಳ್ಳಿಯಾ?" ಅಂದರು. ಕೊನೆಗೆ ಅವರೇ ಚೀಲದಿಂದ ಔಷಧಿ ಬಾಟಲಿ ತೆಗೆದು ಟೀಚರ ಕೈಗಿಟ್ಟು, "ಇದನ್ನ ಎತ್ತಿ ತೋರಿಸಿ, ದಿನಕ್ಕೆ ಮೂರು ಸಲ ಅಂತ ಇನ್ನೊಮ್ಮೆ ಅನ್ನಿ" ಅಂದರು. ಅಷ್ಟು ಹೊತ್ತಿಗೆ ದೀಪಗಳ ಕಾವಿಗೆ ಎಲ್ಲರೂ ಬೆಂದಿದ್ದೆವು. ತೋರಿಸಿದಳು. ಎದ್ದೆವು.

"ಕೆಳಗಡೆ ಅಕ್ಷರ ಹಾಕ್ಬೇಡಿ. ಆಪರೇಷನ್ ಆದ ಕಣ್ಣಲ್ಲಿ ಓದಿಸೋದು ಬೇಡ" ಅಂದರು ಡಾಕ್ಟರಮ್ಮ. ಹೊರಡುವಾಗ ಇನ್ನೊಂದು ಮಾತು: "ಕಿವಿ ಇಲ್ಲದವ್ರಿಗೆ ಕಣ್ಣೇ ಕಿವಿ. ಒಂದು ತಪ್ಪಾದ್ರೆ ಎರಡೂ ಹೋಗತ್ತೆ."

ನನಗೆ ಹೇಳಬೇಕೇ? ಹದಿನೇಳಕ್ಕೆ ಅಪ್ಪನಿಗೂ ಅಲ್ಲೇ ಆಪರೇಷನ್. ಕಿವಿ ಹೋಗಿ ಮೂರು ವರ್ಷ. ಯಂತ್ರ ಹಾಕಿದರೆ ತಲೆಯೊಳಗೆ ಬಸ್ ಡಿಪೋ ಕೂತಂತಾಗುತ್ತದಂತೆ, ಬಿಸಾಕಿದ್ದಾರೆ. ಚೀಟಿ ಬರೆದು ತೋರಿಸೋಣವೆಂದರೆ ಪೊರೆ. ಹಾಗಾಗಿ ನಾನು ಕೂಗುತ್ತೇನೆ. ಬೆಳಿಗ್ಗೆ ಮೇಲ್ಮನೆಯವರು ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದರು: "ನಿನ್ನೆ ನಿಮ್ಮ ತಂದೆಗೆ ಮಾತ್ರೆ ತಗೊಳ್ಳಿ ಅಂದ್ರಲ್ಲ, ನಮ್ಮನೆಯವ್ರೂ ತಗೊಂಡ್ಬಿಟ್ರು."

ಅಪ್ಪ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವರು. "ಹತ್ತೋರು ಹತ್ತಿ, ಇಳಿಯೋರು ಇಳೀರಿ, ಬಾಗಿಲಲ್ ನಿಂತೋರು ದೇವ್ರಿಗೆ ಹೇಳೀರಿ!" ಅಂತ ಪ್ರಾಸ ಕಟ್ಟಿ ಕೂಗುತ್ತಿದ್ದವರು. ನನಗೆ ಈ ಚಟ ಹತ್ತಿದ್ದೇ ಅಲ್ಲಿಂದ. ನಾನೊಂದು ಸಾಲು ಎಸೆದರೆ ಅವರು ಜೋಡಿ ಸಾಲು ಎಸೆಯಬೇಕು, ಅದು ನಮ್ಮ ಆಟ. "ಹಾಲು ಉಕ್ಕಿತು ಒಲೆಯ ಮೇಲೆ" ಅಂದರೆ ತಟ್ಟನೆ "ಅಮ್ಮನ ಕಣ್ಣು ನಿನ್ನ ಮೇಲೆ". ಈಗ ಸಾಲು ಎಸೆದರೆ ನೆಲಕ್ಕೆ ಬೀಳುತ್ತದೆ. ಎತ್ತಿ ಇಲ್ಲಿ ಬರೆದಿಡುತ್ತೇನೆ:

ಅಪ್ಪನ ಕಿವಿಗೆ ಬಿತ್ತು ಬೀಗ,
ಮಗಳ ಗಂಟಲಲ್ಲಿ ಗರಗಸದ ರಾಗ.

೪ ಜೂನ್, ಮಂಗಳವಾರ

ಬಣ್ಣದ ಕೀಯಿಂದ ಶುರು ಮಾಡಿದೆ. ನಾನು ಕಲಿತ ಕಾಲದ್ದು, ದಡ್ಡ, ಪ್ರಾಮಾಣಿಕ. 'ಹಸಿರು ಕಂಡಲ್ಲೆಲ್ಲ ತೂತು ಮಾಡು' ಅಂದರೆ ಮಾಡುತ್ತದೆ, ಅಷ್ಟೇ.

ಕೊನೆಯ ಬಾಟಲಿ ದೃಶ್ಯವನ್ನು ಆಮೇಲೆ ನೋಡೋಣ ಅಂತ ಬಿಟ್ಟು ಉಳಿದದ್ದಕ್ಕೆ ಹಾಕಿದೆ. ಟೀಚರ ಮುಖ, ಅಂಗಿ, ಕೂದಲು ಎಲ್ಲ ಚೆನ್ನಾಗಿ ಬಂತು. ಕೈಗಳು ಬರಲಿಲ್ಲ. ಅವಳ ಬೆರಳುಗಳು ಮಾತಾಡುವ ವೇಗಕ್ಕೆ ಅಂಚು ಮಸುಕಾಗಿ ಹಸಿರಿನ ಜೊತೆ ಬೆರೆತುಹೋಗಿದೆ. ಅಂಚಿನಲ್ಲಿ ಹಸಿರು ಗೆರೆ ಉಳಿಯಿತು ಅಂತ ಸ್ವಲ್ಪ ಬಿಗಿ ಮಾಡಿದೆ. ಇನ್ನೂ ಸ್ವಲ್ಪ. ಈಗ ಗೆರೆ ಇಲ್ಲ. ಕಂಪ್ಯೂಟರಿನಲ್ಲಿ ಲಕಲಕ.

ಸ್ಟುಡಿಯೋ ಮಾಲೀಕರು ಬಾಗಿಲಿಗೆ ಒರಗಿ, "ಆಯ್ತಾ?" ಅಂದರು. ಅವರಿಗೆ ಬರುವ ಕನ್ನಡದಲ್ಲಿ ಹೆಚ್ಚು ಬಳಕೆಯ ಪದ ಅದೇ. ಮದುವೆ ಮನೆಯಲ್ಲೂ ತಾಳಿ ಕಟ್ಟುವವನಿಗೆ ಹಾಗೇ ಕೇಳಿದ್ದರಂತೆ.

"ಆಗ್ತಾ ಇದೆ ಸಾರ್."

"ಹದಿನಾಲ್ಕಕ್ಕೆ ವಾರ್ಡಲ್ಲಿ ಹೊಸ ಟಿವಿ ಹಾಕ್ತಾರೆ. ನಮ್ಮದು ಓಡ್ಬೇಕು. ಇದು ಚೆನ್ನಾಗಿ ಹೋದ್ರೆ ವರ್ಷಪೂರ್ತಿ ಕೆಲಸ. ಹೋಗ್ಲಿಲ್ಲ ಅಂದ್ರೆ ಎಡಿಟಿಂಗ್ ಹೊರಗೆ ಕೊಟ್ಬಿಡೋಣ ಅಂತಿದೀನಿ."

ಎಡಿಟಿಂಗ್ ಅಂದರೆ ನಾನು. ಹೊರಗೆ ಅಂದರೆ ಹೊರಗೆ.

೬ ಜೂನ್, ಗುರುವಾರ

ಟೀಚರೂ ಪೈಪೂ ನೋಡಲು ಬಂದರು. ನಾನು ಹೆಮ್ಮೆಯಿಂದ ಹಾಕಿದೆ. ಅರ್ಧಕ್ಕೆ ಟೀಚರು ಮೇಜನ್ನು ಅಂಗೈಯಿಂದ ಬಡಿದಳು. ಲೋಟ ಹಾರಿತು.

"ನಿಲ್ಸಿ ಅಂತಿದ್ದಾಳೆ" ಅಂದ ಪೈಪು.

"ಗೊತ್ತಾಯ್ತು" ಅಂದೆ.

ಅವಳ ಕೈ ಓಡತೊಡಗಿತು. ಪೈಪು ಗಂಟಲು ಸರಿಮಾಡಿಕೊಂಡ. "ಸ್ವಲ್ಪ ಬಿಸಿ ಇದೆ ಮೇಡಂ. ಹೇಳ್ಲಾ?"

"ಹೇಳಿ."

"ನಾನು ದಿನಕ್ಕೆ ಮೂರು ಸಲ ಅಂದೆ. ನಿಮ್ಮ ವೀಡಿಯೋ ಎರಡು ಸಲ ಅಂತಿದೆ. ಮೂರನೇ ಬೆರಳು ಎಲ್ಲಿ ಹೋಯ್ತು? ಊಟಕ್ಕೆ ಹೋಯ್ತಾ?"

ಹಿಂದಕ್ಕೆ ಓಡಿಸಿದೆ. ಕೈ ಮೇಲೇಳುವ ವೇಗದಲ್ಲಿ ಉಂಗುರದ ಬೆರಳು ಸವೆದು ಸವೆದು ಹಿಂದಿನ ಗಡಿಯಾರದ ಚಿತ್ರದೊಳಗೆ ಕರಗಿಹೋಗಿತ್ತು. ನಾನೇ ಬಿಗಿ ಮಾಡಿದ್ದು.

"ನಿಮಗೆ ಅಂಚು" ಅಂದ ಪೈಪು, ಅವಳ ಮುಖವನ್ನೇ ನೋಡುತ್ತಾ. "ನನಗೆ ನಾಲಿಗೆ. ನಾಲಿಗೆ ಕತ್ತರಿಸಿ, ತುಟಿ ಎಷ್ಟು ಚೆನ್ನಾಗಿ ಬಂದಿದೆ ನೋಡಿ ಅಂದ್ರೆ ಹೇಗೆ?" ಆಮೇಲೆ ತನ್ನ ದನಿಯಲ್ಲಿ ಮೆಲ್ಲಗೆ, "ಇದು ಅವಳದ್ದೇ ಮೇಡಂ. ಹೆಂಡ್ತಿ ಹೇಳಿದ್ದನ್ನ ಒಂದಕ್ಷರ ಬಿಡದೆ ಪಾಲಿಸೋ ಗಂಡ ಲೋಕದಲ್ಲಿ ನಾನೊಬ್ಬನೇ."

ಅಂಚು ತೊಳೆಯಲು ಹೋದೆ,
ಬೆರಳನ್ನೇ ತೊಳೆದು ಬಂದೆ.

೭ ಜೂನ್, ಶುಕ್ರವಾರ

ಸಡಿಲ ಮಾಡಿದರೆ ಬೆರಳಿಗೆಲ್ಲ ಪಾಚಿ. ಬಿಗಿ ಮಾಡಿದರೆ ಬೆರಳೇ ಇಲ್ಲ. ಬೆಳಕು-ಕತ್ತಲೆ ನೋಡಿ ಕತ್ತರಿಸುವ ಕೀ ಹಾಕಿದೆ. ಕಡುನೀಲಿ ಅಂಗಿ ಹಾರಿಹೋಗಿ ತಲೆಯೂ ಕೈಗಳೂ ಮಾತ್ರ ತೇಲಿದವು. ಇದನ್ನು ವಾರ್ಡಿನಲ್ಲಿ ಹಾಕಿದರೆ ರೋಗಿಗಳು ಕಣ್ಣಿಗಿಂತ ಮೊದಲು ಎದೆ ತೋರಿಸಲು ಓಡುತ್ತಾರೆ.

'ಹಸಿರೇ ಉಸಿರು' ಅಂತ ಗೋಡೆಯ ಮೇಲೆ ಬರೆದವರನ್ನು ಕರೆದು ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಹಸಿರೇ ಕೆಸರು.

೧೦ ಜೂನ್, ಸೋಮವಾರ

ಮಾಲೀಕರ ಜೊತೆ ಜಗಳ. ಜಗಳವೆಂದರೆ ಅವರು ಮಾತಾಡಿದರು, ನಾನು ಮುಖ ಊದಿಸಿಕೊಂಡೆ.

ನಾನು ಹೇಳಿದ್ದು ಅವಳ ಕೈಗಳನ್ನು ಒಂದೊಂದು ಫ್ರೇಮಿನಲ್ಲೂ ನಾನೇ ಗೆರೆ ಎಳೆದು ಹಸಿರಿನಿಂದ ಬಿಡಿಸುತ್ತೇನೆ ಅಂತ. "ಎಷ್ಟು ದಿನ?" ಅಂದರು. ಹೇಳಿದೆ. ನಕ್ಕರು. "ಅಷ್ಟರಲ್ಲಿ ಅವ್ರಿಗೆ ಇನ್ನೊಂದು ಕಣ್ಣಿಗೂ ಪೊರೆ ಬರತ್ತೆ. ಹೊಸ ಸಾಫ್ಟ್‌ವೇರ್ ತಂದುಕೊಟ್ಟಿದೀನಲ್ಲ, ಒಂದು ಬಟನ್ನು. ಅದೇ ಮನುಷ್ಯನ್ನ ಗುರುತು ಹಿಡಿದು ಬಿಡಿಸ್ಕೊಡತ್ತೆ. ನಿಮಗೆ ಕೀ ಕೊಟ್ಟು ಓಡಿಸೋ ಕಾಲದ್ದೇ ಬೇಕು."

ಸರಿ, ಜಾಣ ಕೀಗೆ ಹಾಕಿದೆ. ಇದು ಬಣ್ಣ ನೋಡುವುದಿಲ್ಲ, ಆಕಾರ ನೋಡುತ್ತದೆ. ಇದು ಮನುಷ್ಯ, ಇದು ಕೈ, ಕೈಯಲ್ಲಿ ಹಿಡಿದದ್ದೂ ಮನುಷ್ಯನದ್ದೇ ಅಂತ ತಾನೇ ಅಂದಾಜು ಮಾಡುತ್ತದೆ. ಮೊದಲ ಸಲ ಟೀಚರಿಗೆ ಆರನೇ ಬೆರಳು ಮೂಡಿಸಿತು. ಒಂದು ಕಳೆದುಕೊಂಡವಳಿಗೆ ಬಡ್ಡಿ ಸಮೇತ ವಾಪಸ್. ಮಟ್ಟ ಬದಲಾಯಿಸಿ ಮತ್ತೆ ಮಾಡಿದ ಮೇಲೆ ಐದಕ್ಕೆ ಬಂತು. ಮೂರು ಎಂದಾಗ ಮೂರೇ ನಿಂತಿತು. ಒಪ್ಪಿಕೊಳ್ಳಬೇಕು, ಚೆನ್ನಾಗಿದೆ.

ಅಪ್ಪನಿಗೆ ಆಪರೇಷನ್‌ಗೆ ಮುಂಚಿನ ಹನಿ ಶುರು. ಬಿಳಿ ಮುಚ್ಚಳದ ಬಾಟಲಿ. "ಇದು ಆಪರೇಷನ್ ತನಕ ಮಾತ್ರ. ಆಮೇಲೆ ಬೇರೆ ಕೊಡ್ತೀವಿ, ಇದನ್ನ ಮುಟ್ಟಬಾರದು" ಅಂದಳು ನರ್ಸು. ಅದನ್ನು ಅಪ್ಪನಿಗೆ ಕೂಗಿ ಹೇಳಿದೆ. "ಯಾರು ಮುಟ್ಟಿದ್ರು?" ಅಂದರು ಗಾಬರಿಯಿಂದ. ಇಡೀ ಓಣಿ ತಿರುಗಿ ನೋಡಿತು.

೧೧ ಜೂನ್, ಮಂಗಳವಾರ

ಟೀಚರು ಶಾಲೆಗೆ ರಜೆ ಹಾಕಿ ದಿನವಿಡೀ ಪಕ್ಕದಲ್ಲಿ ಕೂತಳು. ಒಂದೊಂದು ಸನ್ನೆಯನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಬೆರಳೆಲ್ಲ ಇವೆ. ಆದರೆ ಪರದೆಯ ಹಸಿರು ಬೆಳಕು ಚರ್ಮದ ಮೇಲೆ ಸೋರಿ ಬಿದ್ದು ಉಗುರಿನ ಸುತ್ತ ಹಸಿರು ಛಾಯೆ.

"ಸತ್ತ ಹೆಣದ ಕೈ ಥರ ಇದೆ ಅಂತಾಳೆ" ಅಂದ ಪೈಪು.

ಅದಕ್ಕೂ ಒಂದು ಗುಂಡಿ ಇದೆ. ಎಲ್ಲೆಲ್ಲಿ ಹಸಿರು ಹೆಚ್ಚಾಗಿದೆಯೋ ಅಲ್ಲಲ್ಲಿ ಅದನ್ನು ಹೀರಿಬಿಡುತ್ತದೆ. ಅರ್ಧ ತಿರುಗಿಸಿದೆ. ಟೀಚರು ಇನ್ನೂ ಎಂದಳು. ಪೂರ್ತಿ ತಿರುಗಿಸಿದೆ. ಕೈಗೆ ರಕ್ತ ಬಂದಂತಾಯಿತು. ಅವಳು ತನ್ನ ನಿಜವಾದ ಕೈಯನ್ನು ಕಂಪ್ಯೂಟರಿನ ಕೈ ಪಕ್ಕ ಹಿಡಿದು ನೋಡಿ, ಹೆಬ್ಬೆರಳೆತ್ತಿದಳು. ಪೈಪು ಬಾಯಿ ತೆರೆದ. "ಇದಕ್ಕೆ ನೀವು ಬೇಡ, ಅರ್ಥ ಆಯ್ತು" ಅಂದೆ. "ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮೇಡಂ" ಅಂದ.

ಟೀ ಹೊತ್ತಿಗೆ ನನ್ನ ಪ್ರಾಸದ ಹುಚ್ಚನ್ನು ಪೈಪು ಅವಳಿಗೆ ಹೇಳಿದ. ಅವಳು ನಕ್ಕು ಏನೋ ತೋರಿಸಿದಳು. ಎರಡು ಬೆರಳು ಕಣ್ಣಿನಿಂದ ಮುಂದಕ್ಕೆ: ನೋಡು. ಅದೇ ಎರಡು ಬೆರಳು ತಲೆಕೆಳಗಾಗಿ ಅಂಗೈ ಮೇಲೆ: ನಿಲ್ಲು. "ಬೆರಳಿನ ಆಕಾರ ಒಂದೇ, ಜಾಗ ಬೇರೆ. ಇದು ನಮ್ಮ ಪ್ರಾಸ. ನಿಮ್ಮದು ಕಿವಿಗೆ, ನಮ್ಮದು ಕಣ್ಣಿಗೆ ಅಂತಾಳೆ." ನಲವತ್ತೈದು ವರ್ಷ ಪ್ರಾಸದಲ್ಲೇ ಬದುಕಿದವಳಿಗೆ ಇದೊಂದು ಹೊಸ ಸುದ್ದಿ.

ಮನೆಗೆ ಬಂದಾಗ ಗಂಟಲು ಕೆಟ್ಟಿತ್ತು. ಅಪ್ಪನಿಗೆ ಎಷ್ಟು ಲೋಟ ನೀರು ಕಾಯಿಸಲಿ ಅಂತ ಬೆರಳಲ್ಲಿ ಕೇಳಿದೆ. ಬೆರಳಲ್ಲೇ ಹೇಳಿದರು.

೧೩ ಜೂನ್, ಗುರುವಾರ

ಕಳಿಸಿದೆ. ಡಾಕ್ಟರಮ್ಮ ಒಪ್ಪಿದರು. ಟೀಚರು ಒಪ್ಪಿದಳು. ಮಾಲೀಕರು "ಆಯ್ತಾ?" ಎಂದು ಕೇಳಿ, "ಆಯ್ತು" ಎಂಬ ಉತ್ತರ ಕೇಳಿದ ಮೇಲೂ ಅಭ್ಯಾಸಬಲದಿಂದ ಇನ್ನೊಮ್ಮೆ "ಆಯ್ತಾ?" ಅಂದರು.

೧೪ ಜೂನ್, ಶುಕ್ರವಾರ

ವಾರ್ಡಿನ ಟಿವಿಯಲ್ಲಿ ಓಡಿತು. ಟೀಚರ ಶಾಲೆಯವರೆಲ್ಲ ಬಂದಿದ್ದರು. ಚಪ್ಪಾಳೆ ಕೇಳಿಸಲಿಲ್ಲ, ಕೈಗಳೆಲ್ಲ ಮೇಲೆದ್ದು ಗಾಳಿಗೆ ಎಲೆ ಅಲುಗಿದಂತೆ ಅಲುಗಿದವು. ಅಷ್ಟು ಜೋರಾದ ಚಪ್ಪಾಳೆ ನಾನು ಕಂಡಿಲ್ಲ.

೧೭ ಜೂನ್, ಸೋಮವಾರ

ಅಪ್ಪನ ಆಪರೇಷನ್ ಆಯಿತು. ಬಲಗಣ್ಣಿಗೆ ಮುಚ್ಚಿಗೆ ಹಾಕಿ ವಾರ್ಡಿನಲ್ಲಿ ಕೂರಿಸಿದ್ದರು. ನಾನು ಔಷಧಿ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಎಡಗಣ್ಣಲ್ಲೇ ನನ್ನ ವೀಡಿಯೋವನ್ನು ಎರಡು ಸಲ ನೋಡಿದ್ದರು. ಪಕ್ಕದ ಹಾಸಿಗೆಯವನಿಗೆ "ಇದು ನನ್ನ ಮಗಳು ಮಾಡಿದ್ದು!" ಅಂತ ಕೂಗಿದರಂತೆ. ಅವನಿಗೂ ಕಿವಿ ಕೇಳದು. ಇಬ್ಬರೂ ಪರಸ್ಪರ ಒಪ್ಪಿಕೊಂಡಂತೆ ತಲೆಯಾಡಿಸುತ್ತಿದ್ದರು.

ನಾಳೆ ಬೆಳಿಗ್ಗೆ ಮುಚ್ಚಿಗೆ ತೆಗೆದು ಹನಿ ಶುರು ಮಾಡಬೇಕು. ದಿನಕ್ಕೆ ಮೂರು.

೧೮ ಜೂನ್, ಮಂಗಳವಾರ

ಇವತ್ತಿನದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಬಚ್ಚಲಿಂದ ಬಂದೆ. ಅಪ್ಪ ಕಿಟಕಿ ಹತ್ತಿರ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಕೂತಿದ್ದರು. ಮುಚ್ಚಿಗೆ ತಾವೇ ತೆಗೆದಿದ್ದರು. ಎತ್ತಿದ ಕೈಯಲ್ಲಿ ಬಾಟಲಿ. ಮೊಣಕಾಲ ಮೇಲೆ ಅದರ ಮುಚ್ಚಳ.

ಬಿಳಿ ಮುಚ್ಚಳ.

"ಅಪ್ಪಾ!" ಅಂತ ಕೂಗಿದೆ. ಯಾರಿಗೆ ಕೂಗಿದೆ? ಮೇಲ್ಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಅಪ್ಪ ಬಾಟಲಿ ಹಿಂಡುತ್ತಿದ್ದರು. ಓಡಿಹೋಗಿ ಅವರ ಕಣ್ಣಿನ ಮೇಲೆ ಅಂಗೈ ಅಡ್ಡ ಹಿಡಿದೆ. ಹನಿ ನನ್ನ ಅಂಗೈಗೆ ಬಿತ್ತು. ತಣ್ಣಗೆ.

"ಏನಿದು ಹೋಲ್ಡಾನು? ಸ್ಟಾಪೇ ಬಂದಿಲ್ಲ!" ಅಂದರು.

ನಾನು ಮೇಜಿನ ಮೇಲಿದ್ದ ಹೊಸ ಬಾಟಲಿ ತೋರಿಸಿದೆ. ಹಸಿರು ಮುಚ್ಚಳ. ಇದು, ಇದು ಅಂತ ಕುಟ್ಟಿದೆ.

"ಅದಲ್ಲಮ್ಮ. ಬಿಳಿ. ನಿನ್ನ ವೀಡಿಯೋದಲ್ಲೇ ಆ ಹುಡುಗಿ ಬಿಳೀದು ಹಿಡ್ಕೊಂಡು ಮೂರು ಸಲ ಅಂದ್ಲಲ್ಲ. ಎರಡು ಸಲ ನೋಡಿದೀನಿ."

ಅವರ ಎಡಗಣ್ಣಲ್ಲೂ ಪೊರೆ, ಬಣ್ಣ ತಿಳಿದಿರಲಿಕ್ಕಿಲ್ಲ ಅಂದುಕೊಂಡೆ. ಅವರದೇ ತಪ್ಪು ಅಂತ ತೋರಿಸಲು ಲ್ಯಾಪ್‌ಟಾಪ್ ತೆರೆದೆ. ಟೀಚರು ಬಾಟಲಿ ಎತ್ತಿ ಹಿಡಿದಳು.

ಬಿಳಿ. ಸ್ವಲ್ಪ ಬೂದು ಬೆರೆತ, ಯಾರಾದರೂ ಬಿಳಿ ಎಂದೇ ಹೇಳುವಂಥ ಬಿಳಿ.

ಮೂಲ ಶೂಟಿಂಗ್ ತೆರೆದು ನೋಡಿದೆ. ಹಸಿರು. ಪರದೆಯಷ್ಟೇ ಹಸಿರು. ಪೆನ್ನನ್ನೂ ಬಿಡದೆ ತಪಾಸಣೆ ಮಾಡಿದವಳ ಎದುರಿಗೇ, ಹಸಿರು ಪರದೆಯ ಮುಂದೆ, ಹಸಿರು ಮುಚ್ಚಳ. ಹಸಿರು ಹೀರುವ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಅದು ಬೆರಳಿನ ಪಾಚಿಯ ಜೊತೆ ಮುಚ್ಚಳದ ಬಣ್ಣವನ್ನೂ ಹೀರಿಬಿಟ್ಟಿದೆ. ಆ ಬಾಟಲಿ ದೃಶ್ಯಕ್ಕೂ ದಡ್ಡ ಕೀ ಹಾಕಿದ್ದರೆ ಅಲ್ಲೊಂದು ತೂತು ಬೀಳುತ್ತಿತ್ತು, ಕುರುಡನಿಗೂ ಕಾಣುತ್ತಿತ್ತು. ಜಾಣ ಕೀ ತೂತು ಬೀಳದಂತೆ ಕಾಪಾಡಿತು. ತಪ್ಪನ್ನು ಅಷ್ಟು ನಾಜೂಕಾಗಿ ಮುಚ್ಚಿತು.

ಹೇಗೆ ಕಾಣಲಿಲ್ಲ? ಟೀಚರೂ ನಾನೂ ಬೆರಳು ನೋಡುತ್ತಿದ್ದೆವು. ಡಾಕ್ಟರಮ್ಮ ಅರ್ಥ ನೋಡಿದರು. ಮಾಲೀಕರು ಗಡಿಯಾರ ನೋಡಿದರು. ಬಾಟಲಿಯ ತಲೆ ನೋಡಿದವರು ಅಪ್ಪ ಒಬ್ಬರೇ, ಯಾಕೆಂದರೆ ಹನಿ ಹಾಕಿಕೊಳ್ಳಬೇಕಾದವರು ಅವರೊಬ್ಬರೇ.

ಶುಕ್ರವಾರದಿಂದ ಓಡುತ್ತಿದೆ. ಎಲ್ಲರ ಮನೆಯಲ್ಲೂ ಉಳಿದ ಬಿಳಿ ಬಾಟಲಿ ಇರುತ್ತದೆ.

ಮಾಲೀಕರಿಗೆ ಫೋನ್ ಮಾಡಿದೆ. ಅವರು ಅಂದರು: "ಒಂದು ಗಂಟೇಲಿ ಮುಚ್ಚಳಕ್ಕೆ ಹಸಿರು ಬಳೀರಿ. ಹೊಸ ಫೈಲ್ ಕಳ್ಸಿ, 'ಬಣ್ಣ ಇನ್ನೂ ಚೆನ್ನಾಗಿ ಮಾಡಿದೀವಿ' ಅನ್ನೋಣ. ಯಾಕೆ ಏನು ಅಂತ ಯಾರೂ ಕೇಳಲ್ಲ."

"ಆಗ್ಲೇ ನೋಡಿ ಮನೆಗೆ ಹೋದವ್ರಿಗೆ ಯಾರು ಬಣ್ಣ ಬಳೀತಾರೆ ಸಾರ್?"

"ಅವ್ರಿಗೆ ನರ್ಸು ಹೇಳಿರ್ತಾಳೆ ಬಿಡಿ."

"ನರ್ಸು ಬಾಯಲ್ಲಿ ಹೇಳಿರ್ತಾಳೆ."

"ನೋಡಿ, ನೀವು ಡಾಕ್ಟರಿಗೆ ಫೋನ್ ಮಾಡಿದ್ರೆ ಆ ಕೆಲ್ಸ ಹೋದ ಹಾಗೆ. ಅದು ಹೋದ್ರೆ…" ಅಂದರು. ಮುಂದಿನದು ನನಗೂ ಗೊತ್ತಿತ್ತು. ಫೋನ್ ಇಟ್ಟು ಡಾಕ್ಟರಮ್ಮನಿಗೆ ಮಾಡಿದೆ. ಹೇಳುವಾಗ ಪ್ರಾಸ ಬರಲಿಲ್ಲ. ನಾನೇ ಮಾಡಿದ್ದು, ಹೀಗಾಗಿದೆ, ಟಿವಿ ಆರಿಸಿ ಅಂದೆ.

ಅವರು ಬೈಯಲಿಲ್ಲ. ಅದೇ ಭಯವಾಯಿತು. "ಬಿಳೀದನ್ನ ಎರಡು ದಿನ ಹಾಕಿದ್ರೆ ಕಣ್ಣು ಊದತ್ತೆ. ಇನ್ನೂ ಹಾಕ್ತಾ ಹೋದ್ರೆ ಆ ಕಣ್ಣು ಮತ್ತೆ ನನ್ನ ಟೇಬಲ್ ಮೇಲೆ ಬರತ್ತೆ. ಕೇಳೋರಿಗೆ ಈಗ್ಲೇ ಫೋನ್ ಮಾಡಿಸ್ತೀನಿ. ಕೇಳದವ್ರಿಗೆ?"

ಕೇಳದವರಿಗೆ ಫೋನ್ ಇಲ್ಲ. ಬಾಗಿಲಿಗೇ ಹೋಗಬೇಕು. ವಿಳಾಸ ಕೊಟ್ಟರು.

ಟೀಚರ ಶಾಲೆಗೆ ಓಡಿದೆ. ಮೊದಲೇ ಪೈಪಿಗೆ ಫೋನ್ ಮಾಡಿದ್ದರಿಂದ ಅವನೂ ಬಂದಿದ್ದ. ಶಾಲೆಯ ಮೆಟ್ಟಿಲ ಮೇಲೆ ಅವನು ಅವಳಿಗೆ ಹೇಳಿದ. ಅವಳ ಕೈ ಎರಡೇ ಎರಡು ಸಲ ಅಲುಗಿತು. ಪೈಪು ನನ್ನ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದ: "ನನ್ನ ಕೈಯಿಂದ ಸುಳ್ಳು ಹೇಳಿಸಿಬಿಟ್ರಿ."

ಆಟೋ ಹತ್ತಿದೆವು.

ಮೊದಲ ಮನೆಯವನು ಹಸಿರನ್ನೇ ಹಾಕುತ್ತಿದ್ದ. ಇನ್ನೊಂದರಲ್ಲಿ ಯಾವುದೂ ತಿಳಿಯದೆ ಎರಡನ್ನೂ ಬಿಟ್ಟು ಕೂತಿದ್ದರು. ಮತ್ತೊಂದು ಮನೆಗೆ ಬೀಗ. ಪಕ್ಕದವರನ್ನು ಕೇಳಿ ಮಗಳ ಮನೆಗೆ ಹುಡುಕಿಕೊಂಡು ಹೋದೆವು. ಕೊನೆಯದು ಒಂಟಿ ಅಜ್ಜಿ. ಬಾಗಿಲು ಬಡಿದು ಏನು ಪ್ರಯೋಜನ? ಟೀಚರು ಕಿಟಕಿಯ ಸರಳಿನೊಳಗೆ ಕೈ ತೂರಿಸಿ, ಕೈಗನ್ನಡಿಯಿಂದ ಬಿಸಿಲನ್ನು ಒಳಗಿನ ಗೋಡೆಗೆ ಹೊಡೆದಳು. ಬೆಳಕಿನ ಬಿಲ್ಲೆ ಗೋಡೆ ಮೇಲೆ ಕುಣಿಯಿತು. ಅಜ್ಜಿ ಬಂದು ಬಾಗಿಲು ತೆರೆದರು.

ಕಣ್ಣು ಕೆಂಪಗೆ, ರೆಪ್ಪೆ ದಪ್ಪಗೆ.

ಟೀಚರನ್ನು ಕಂಡದ್ದೇ ಅಜ್ಜಿಯ ಮುಖ ಅರಳಿತು. ಟಿವಿಯವಳು ಮನೆಗೇ ಬಂದಿದ್ದಾಳೆ! ಒಳಗೆ ಹೋಗಿ ಬಿಳಿ ಬಾಟಲಿ ತಂದು, ಎತ್ತಿ ಹಿಡಿದು, ಮೂರು ಬೆರಳು ತೋರಿಸಿದರು. ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ ನೋಡು ಅಂತ. ಮೂರೂ ಬೆರಳು ನೆಟ್ಟಗೆ, ಸ್ಪಷ್ಟ.

ಟೀಚರ ಕೈ ಏಳಲಿಲ್ಲ. ನಾನು ಮುಂದೆ ಹೋಗಿ ಬಿಳಿ ಬಾಟಲಿ ತೆಗೆದುಕೊಂಡೆ. ಟೀಚರನ್ನು ತೋರಿಸಿ, ಇಲ್ಲ ಎಂದು ಕೈಯಾಡಿಸಿದೆ. ನನ್ನ ಎದೆಗೆ ಬೆರಳು ಮಾಡಿದೆ. ನಾನು. ತಪ್ಪು ನನ್ನದು. ನನ್ನ ಸನ್ನೆ ಎಷ್ಟು ಸರಿಯಿತ್ತೋ ಕಾಣೆ. ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿ, ಆಮೇಲೆ ಚಪ್ಪಲಿ ಹಾಕಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ದೀಪ ಹಿಡಿದು ನೋಡುವಷ್ಟು ಹೊತ್ತು ನಾವು ಗೋಡೆಗೆ ಒರಗಿ ನಿಂತಿದ್ದೆವು. "ಉಳಿಯತ್ತೆ" ಅಂದರು. "ಇನ್ನೆರಡು ದಿನ ಹೋಗಿದ್ರೆ ಹೇಳಕ್ಕಾಗ್ತಿರ್ಲಿಲ್ಲ."

ಟೀಚರು ನನ್ನ ಮುಖ ನೋಡದೆ ಹೋದಳು. ಪೈಪು ಅವಳ ಹಿಂದೆಯೇ ಓಡಿದ.

೧೯ ಜೂನ್, ಬುಧವಾರ

ಮಾಲೀಕರು ಇವತ್ತು "ಆಯ್ತಾ?" ಅನ್ನಲಿಲ್ಲ. ಬಾಗಿಲಿಗೆ ಬಂದು ನಿಂತು, ನನ್ನನ್ನು ನೋಡಿ ಹೋದರು. ತಿಂಗಳ ಕೊನೆಗೆ ಮಾತಾಡೋಣ ಅಂತ ಹೇಳಿ ಕಳಿಸಿದ್ದ ಚೀಟಿ ಮೇಜಿನ ಮೇಲಿತ್ತು.

ಮಧ್ಯಾಹ್ನ ಡಾಕ್ಟರಮ್ಮನ ಫೋನು. "ವೀಡಿಯೋ ಬೇಕೇ ಬೇಕು. ನಾಳೆ ಬನ್ನಿ. ಆದ್ರೆ ಆ ನಿಮ್ಮ ಪರದೆ ತರಬೇಡಿ."

೨೦ ಜೂನ್, ಗುರುವಾರ

ವಾರ್ಡಿನ ಕೊನೆಯ ಗೋಡೆಯ ಮುಂದೆ ಟೀಚರನ್ನು ನಿಲ್ಲಿಸಿದೆ. ಸುಣ್ಣ ಸ್ವಲ್ಪ ಉದುರಿದ ಗೋಡೆ. ಕಿಟಕಿಯ ಬೆಳಕು. ಹಿಂದೆ ಓಡುವ ಕಣ್ಣಿಲ್ಲ, ಗಡಿಯಾರವಿಲ್ಲ. ಯಾವ ಕೀ ಎಂಬ ಪ್ರಶ್ನೆಯೇ ಇಲ್ಲ. ಮೊದಲು ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹತ್ತು ಸಲ ನೋಡಿದೆ. ಟೀಚರು ಬಿಳಿಯದನ್ನು ಎತ್ತಿ, ಬೇಡ ಎಂದು ಕೈಯಾಡಿಸಿ ಕೆಳಗಿಟ್ಟಳು. ಹಸಿರು ಎತ್ತಿದಳು. ಈ ಸಲ ಹಿಡಿದು ತೋರಿಸಿದ್ದಲ್ಲದೆ ಹಸಿರು ಅಂತ ಸನ್ನೆಯಲ್ಲೂ ಹೇಳಿದಳು.

"ಮೊದಲೇ ಯಾಕೆ ಹೇಳಲಿಲ್ಲ ಅಂತ ತನ್ನನ್ನೇ ಕೇಳ್ಕೊಂಡ್ಲಂತೆ" ಅಂದ ಪೈಪು. "ಕೈಲಿ ಹಿಡಿದಿದ್ದಕ್ಕೆ ಬಣ್ಣ ಯಾರು ಹೇಳ್ತಾರೆ ಅಂದ್ಕೊಂಡ್ಲಂತೆ. ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ ಅಂತಾಳೆ. ಅರ್ಧ."

"ಇನ್ನರ್ಧ?"

ಟೀಚರೇ ಉತ್ತರ ಕೊಟ್ಟಳು, ಬೆರಳು ಜೋಡಿಸಿ ಬಾಯಿಗೆ ತುತ್ತಿಟ್ಟ ಹಾಗೆ: ಊಟಕ್ಕೆ ಹೋಯ್ತು. ಪೈಪು ಬಾಯಿ ತೆರೆಯುವ ಮೊದಲೇ ನಾನು ನಕ್ಕುಬಿಟ್ಟೆ. ಅವನು ಕೈಚೆಲ್ಲಿದ.

೨೨ ಜೂನ್, ಶನಿವಾರ

ಅಪ್ಪನ ಕಣ್ಣು ಚೆನ್ನಾಗಿದೆ. ಗೋಡೆಯ ಮೇಲೆ ಇಷ್ಟು ದಿನ ಕಾಣದಿದ್ದ ಕಲೆಗಳನ್ನೆಲ್ಲ ಕಂಡುಹಿಡಿದು ನನ್ನ ಮಾನ ಕಳೆಯುತ್ತಿದ್ದಾರೆ. ಬೆಳಿಗ್ಗೆಯ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಅದಾದ ಮೇಲೆ ಬೇಸರ ಕಳೆಯಲಿ ಅಂತ ಟೀಚರ ಜೋಡಿ ತೋರಿಸಿದೆ. ಎರಡು ಬೆರಳು ಕಣ್ಣಿನಿಂದ ಮುಂದಕ್ಕೆ: ನೋಡು. ಅದೇ ಎರಡು ಬೆರಳು ಅಂಗೈ ಮೇಲೆ: ನಿಲ್ಲು.

ಅಪ್ಪ ತಲೆ ವಾರೆ ಮಾಡಿ ಯೋಚಿಸಿದರು. ಆಮೇಲೆ ಅವೇ ಎರಡು ಬೆರಳನ್ನು ನೂಕುನುಗ್ಗಲಿನ ತಲೆಗಳ ಮೇಲಿಂದ ಎಂಬಂತೆ ಎತ್ತರಕ್ಕೆ ಎತ್ತಿ, ಇನ್ನೊಂದು ಕೈಯಿಂದ ಚೀಟಿ ಹರಿದುಕೊಟ್ಟರು.

ಎರಡು ಟಿಕೆಟ್.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಂಜೆವರೆಗೂ ಅದೇ ಆಟ ನಡೆಯಿತು. ಅಂಗೈ ಚಾಚಿದ್ದಕ್ಕೆ ಅಂಗೈ, ಮುಷ್ಟಿಗೆ ಮುಷ್ಟಿ. ಅವರದೇ ಹೆಚ್ಚು. ಅಡುಗೆಮನೆಯ ಕೆಲಸ ಹಿಂದೆ ಬಿತ್ತು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಮೇಲ್ಮನೆಯವರು. ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು.

"ಎಲ್ಲ ಸರಿ ಇದೆ ತಾನೇ? ಬೆಳಿಗ್ಗೆಯಿಂದ ನಿಮ್ಮನೇಲಿ ಕೂಗೇ ಇಲ್ಲ. ಏನು ಮಾಡ್ತಿದ್ರಿ?"

"ಮಾತಾಡ್ತಿದ್ವಿ" ಅಂದೆ.